ದಿನಾ ಅನ್ನುವ ಮಾತು

ಭಾಗಮ್ಮ ಹೊಸ ಕೌದಿಯ ಅಂಚಿನ ಹೊಲಿಗೆಯನ್ನು ಸೂಜಿಯ ಮೊನೆಯಿಂದ ಬಿಚ್ಚುತ್ತಿದ್ದಳು. ಎದುರಿಗೆ ಕುಳಿತ ಜೀನತ್ ನೋಡುತ್ತಿದ್ದಳು. ಕಲಬುರಗಿಯ ರೋಜಾ ಬಡಾವಣೆಯ ಟೇಲರ್ ಅಂಗಡಿಯಲ್ಲಿ ತಾನೇ ಕೂತು ಹೊಲಿದ ಕೌದಿ. ಕೊಟ್ಟು ಹೋಗಲೆಂದು ಕಮಲಾಪುರಕ್ಕೆ ಬಸ್ಸಿನಲ್ಲಿ ತಂದಿದ್ದಳು. ಗೇಣುದ್ದ ಬಿಚ್ಚಿದ ಮೇಲೆ ಭಾಗಮ್ಮ ಆ ಸಂದಿನಲ್ಲಿ ಮೂಗಿಟ್ಟು ಉಸಿರೆಳೆದುಕೊಂಡಳು. ಮತ್ತೊಮ್ಮೆ ಎಳೆದುಕೊಂಡಳು.

“ಒಗದೀ ಏನವ್ವ?”

ಜೀನತ್ ಖುಷಿಯಿಂದಲೇ ಹೌದೆಂದಳು. ಒಳಗಿನ ನೈಟಿಯ ಎದೆಯ ಮೇಲಿನ ಹಾಲಿನ ಕಲೆ ಹೋಗುವವರೆಗೆ ತಿಕ್ಕಿದ್ದನ್ನೂ ಹೇಳಿದಳು.

ಕೌದಿಯ ಒಳಪದರದಲ್ಲಿ ಇದ್ದದ್ದು ಭಾಗಮ್ಮನ ಮಗಳ ನೈಟಿ. ಹೆತ್ತು ತಿಂಗಳಾಗುವ ಮೊದಲೇ ತೀರಿಕೊಂಡವಳದು. ಕೊಡುವಾಗ ಭಾಗಮ್ಮ ಒಗೆಯಬೇಡ ಅಂದಿದ್ದಳು, ಯಾಕೆಂದು ಹೇಳಿರಲಿಲ್ಲ. ಈ ಕಡೆ ಚಹಾ ಬೇಡ ಅಂದವರಿಗೂ ಚಹಾ ಕೊಡುತ್ತಾರೆ, ಉಂಡು ಬಂದೆ ಅಂದವರ ಮುಂದೂ ತಾಟು ಇಡುತ್ತಾರೆ. ಪಾಪ, ಸಂಕೋಚಕ್ಕೆ ಬೇಡ ಅಂತಾಳೆ ಎಂದುಕೊಂಡಿದ್ದಳು ಜೀನತ್.

“ಅಕಿ ವಾಸನಿ ಕೂಸಿಗಿ ಇರ್ಲಿ ಅಂತ ಕೊಟ್ಟಿದ್ನವ್ವ,” ಅಂದಳು ಭಾಗಮ್ಮ. ದನಿ ಏರಿಸಲಿಲ್ಲ.

ಜೀನತಳ ನಾಲಿಗೆಗೆ ಬಂದದ್ದು ಅಂಗಡಿಯ ಮಾತು. “ಸಾರಿ, ಆಯಿ.”

ಗುಂಡಿಗೆ ಕಾಜಾ ಹಾಕುವುದು ತಡವಾದರೆ, ದಾರದ ಬಣ್ಣ ಹೊಂದದಿದ್ದರೆ ಅಲ್ಲಿ ಗಿರಾಕಿಗಳಿಗೆ ಅದೇ ಮಾತು. ಕಲಿಸಿದವಳು ಮಾಲಕಿಯ ಸೊಸೆ ಸಿದ್ರಾ, ಬಿ.ಎ. ಓದಿದವಳು. ಹಳೆಯ ಇಂಗ್ಲಿಷಿನಲ್ಲಿ ಆ ಮಾತು ಹುಟ್ಟಿದ್ದು ಗಾಯ, ನೋವು ಅನ್ನುವುದರಿಂದ. ನನಗೇ ನೋಯುತ್ತಿದೆ ಎಂದು ಅದರ ಅರ್ಥವಿತ್ತು. ಈಗ ಸಾವಿನ ಮನೆಯಲ್ಲೂ ಅನ್ನುತ್ತಾರೆ, ಬಸ್ಸಿನಲ್ಲಿ ಕಾಲು ತುಳಿದರೂ ಅನ್ನುತ್ತಾರೆ ಎಂದು ತಿಳಿಸಿದ್ದಳು. ಕಾಜಾ ತಡವಾದರೆ ಯಾರಿಗೆ ನೋವು ಭಾಭಿ ಎಂದು ಜೀನತ್ ನಕ್ಕಾಗ, “ಯಾರಿಗೂ ಇಲ್ಲ. ಅದಕ್ಕ ದಿನಾ ಅನ್ನಾಕ ಬರ್ತದ,” ಅಂದಿದ್ದಳು.

ಭಾಗಮ್ಮ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡಳು. “ದವಾಖಾನ್ಯಾಗ ಡಾಕ್ಟರನೂ ಇದ ಅಂದ. ಸಾರಿ ಅಂದು ಬಾಜೂಕಿನ ಖಾಟಿಗಿ ಹೋದ.”

ಜೀನತ್ ತಲೆ ತಗ್ಗಿಸಿದಳು. ಸೋಪಿನ ವಾಸನೆ ಇನ್ನೂ ತನ್ನ ಕೈಯಲ್ಲಿದೆ ಅನ್ನಿಸಿ ಎರಡೂ ಕೈಗಳನ್ನು ಓಢಣಿಯೊಳಗೆ ಮುಚ್ಚಿಟ್ಟುಕೊಂಡಳು. ಮಾಫ್ ಕರೋ ಎಂಬ ಮನೆಯ ಮಾತಾಗಲಿ, ತಪ್ಪಾಯ್ತು ಎಂಬ ಈ ಊರಿನ ಮಾತಾಗಲಿ ಬಾಯಿಗೆ ಬರಲಿಲ್ಲ. ಯಾವುದನ್ನೇ ಆಗಲಿ, ಆ ಡಾಕ್ಟರನ ಹಾಗೆ ಅಂದು ಎದ್ದು ಹೋಗಿಬಿಡಬಹುದು ಅನ್ನಿಸಿತು.

ಭಾಗಮ್ಮ ತೊಟ್ಟಿಲಿನಿಂದ ಕೂಸನ್ನು ಎತ್ತಿ ಕೌದಿಯ ಮೇಲೆ ಮಲಗಿಸಿದಳು. ಅದು ಬಟ್ಟೆಯಲ್ಲಿ ಮುಖ ಅತ್ತಿತ್ತ ಹೊರಳಿಸಿತು, ಬಾಯಿ ತೆರೆಯಿತು, ಅಳತೊಡಗಿತು. ಅವಳು ಅದರ ಬೆನ್ನು ತಟ್ಟುತ್ತ ಕೂತಳು.

“ಆಯಿ, ನನಗ ಬೈಯ್ರಿ,” ಅಂದಳು ಜೀನತ್.

ಓಢಣಿಯೊಳಗಿನ ಕೈಗಳನ್ನು ಹೊರತೆಗೆದು ಮತ್ತೆ ಅಂದಳು: “ಬೈಯ್ರಿ.”