ಹೊಟ್ಟೆಯೊಳಗಿನ ಗಡಿಯಾರ

"ಇವತ್ತೂ ಗಂಟಿ ತಡ ಆತಂದ್ರ ಈ ಕಂಪ್ಯೂಟರ್ ಪೆಟ್ಟಿಗಿ ಅಟ್ಟಕ್ಕ, ನೀನು ನಿಮ್ಮೂರು ಇಟ್ಟಿಗಿಗೆ," ಎಂದು ಸಾವ್ಕಾರ ಪಂಚಾಕ್ಷರಪ್ಪ ಹೂವಿನ ಮಂಡಿಯ ಬಾಗಿಲು ತೆಗೆಯುತ್ತಲೇ ಅಂದುಬಿಟ್ಟರು.

ಚಂದನಾ ತಲೆ ತಗ್ಗಿಸಿದಳು. ಕುರಿ ಕಾಯುವವರ ಮನೆಯಿಂದ ಬಂದು ಹಡಗಲಿಯಲ್ಲಿ ಕಂಪ್ಯೂಟರ್ ಮುಂದೆ ಕೂತ ಹುಡುಗಿ. ಈ ಕೆಲಸ ಹೋದರೆ ಅವಳ ಜೀವವೇ ಹೋದಂತೆ. ಸಾವ್ಕಾರರ ಸಿಟ್ಟೂ ಸುಳ್ಳಲ್ಲ. ಕಂಪ್ಯೂಟರ್ ಗಂಟೆ ಬಾರಿಸಿದಾಗ ತೂಕ ನಿಲ್ಲಬೇಕು, ಬುಟ್ಟಿಗಳು ದಾವಣಗೆರೆ ಬಸ್ಸು ಹತ್ತಬೇಕು. ನಿನ್ನೆ ಗಂಟೆ ತಡವಾಗಿ, ಬಸ್ಸು ಹೋಗಿ, ಹೂವು ತರುವ ಹುಲುಗಮ್ಮನ ಮಲ್ಲಿಗೆ ಮೊಗ್ಗೆಲ್ಲ ಬುಟ್ಟಿಯಲ್ಲೇ ಬಿರಿದಿದ್ದವು. ಬಿರಿದ ಮಲ್ಲಿಗೆಯನ್ನು ಯಾರು ಕೇಳುತ್ತಾರೆ? ಕಂಪ್ಯೂಟರ್ ಬಂತೆಂಬ ಜಂಬದಲ್ಲಿ ಗೋಡೆ ಗಡಿಯಾರವನ್ನು ಮಗಳ ಮನೆಗೆ ಕಳಿಸಿದವರು ಸಾವ್ಕಾರರೇ. ಅದನ್ನು ನೆನಪಿಸುವ ಧೈರ್ಯ ಮಾತ್ರ ಮಂಡಿಯಲ್ಲಿ ಯಾರಿಗೂ ಇರಲಿಲ್ಲ.

"ದಿನಾ ಮುಂಜಾನಿ ಬಸ್ ಸ್ಟ್ಯಾಂಡ್ ಗಡಿಯಾರ ನೋಡ್ಕೊಂಡು ಬಂದು ಟೈಮ್ ಸರಿ ಮಾಡ್ತೀನ್ರಿ, ತೂಕ ಮುಗಿಯೋದ್ರಾಗ ಹಿಂದ ಬೀಳತೈತಿ," ಎಂದಳು ಚಂದನಾ. "ಇದರ ಹೊಟ್ಟ್ಯಾಗ ಇನ್ನೊಂದು ಕಂಪ್ಯೂಟರ್ ಐತ್ರಿ, ಕಣ್ಣಿಗೆ ಕಾಣಂಗಿಲ್ಲ, ಬರೇ ಸಾಫ್ಟ್‌ವೇರಿಂದು. ಗಂಟಿ ಬಾರ್ಸೋದು ಅದು. ಹೊರಗಿಂದು ಸೆಕೆಂಡಿಗೆ ಸಾವಿರ ಸಲ ತಟ್ಟಿ ಅದಕ್ಕ ಹೊತ್ತು ತಿಳಸ್ಬೇಕು. ತೂಕದ ಚೀಟಿ ಪ್ರಿಂಟ್ ಮಾಡೋ ಗದ್ದಲದಾಗ ಒಂದಿಷ್ಟು ತಟ್ಟೋದ ಬಿಡತೈತಿ. ಅದಕ್ಕ ಒಳಗಿನದರ ಕರ್ನಲ್‌ನಾಗ, ಅಂದ್ರ ಅದನ್ನ ನಡಸೋ ಮೂಲ ಪ್ರೋಗ್ರಾಮಿನಾಗ, ಸೆಕೆಂಡಿಗೆ ನೂರು ಸಲ ತಟ್ಟಿದ್ರ ಸಾಕು ಅಂತ ಇಟ್ಟೀನ್ರಿ."

"ಕಡಿಮಿ ಮಾಡಿದ್ರ ಇನ್ನಾ ಹಿಂದ ಬೀಳಂಗಿಲ್ಲೇನು?"

ಅಷ್ಟರಲ್ಲಿ ಹುಲುಗಮ್ಮ ಬುಟ್ಟಿ ಹೊತ್ತು ಒಳಗೆ ಬಂದಳು. ಚಂದನಾ ಅವಳತ್ತ ಕೈ ತೋರಿಸಿ, "ಹುಲುಗಮ್ಮಕ್ಕ ಒಂದೊಂದ ಮೊಗ್ಗು ಕೊಟ್ಟು ಎಣಿಸ್ರಿ ಅಂದ್ರ ನಿಮಗ ಲೆಕ್ಕ ತಪ್ಪತೈತ್ರಿ. ಹಿಡಿ ಹಿಡಿ ಕೊಟ್ರ ತಪ್ಪಂಗಿಲ್ಲ," ಎಂದಳು.

ಸಾವ್ಕಾರರಿಗೆ ತಿಳಿಯಿತೋ ಬಿಟ್ಟಿತೋ, ಹ್ಞೂಂ ಅಂದು ತಕ್ಕಡಿಯತ್ತ ಹೊರಟರು. ತೂಕ ಶುರುವಾಯಿತು. ಚೀಟಿಗಳು ಒಂದರ ಹಿಂದೊಂದು ಬಂದವು. ಚಂದನಾಳ ಕೈಯಲ್ಲಿ ಗಡಿಯಾರವಿರಲಿಲ್ಲ. ಇದ್ದಿದ್ದರೂ ನೋಡುವ ಎದೆಗಾರಿಕೆ ಇರಲಿಲ್ಲ.

ಗಂಟೆ ಬಾರಿಸಿತು.

"ಇಷ್ಟು ಲಗೂನ ಆತೇನು?" ಎಂದಳು ಹುಲುಗಮ್ಮ. ಚಂದನಾ ಪರದೆಯತ್ತ ಬಗ್ಗಿದಳು. ಒಳಗಿನ ಗಡಿಯಾರ ಈಗ ಮುಂದೆ ಓಡಿಬಿಟ್ಟಿತೇ? ಹೆಂಗಸರು ಬುಟ್ಟಿ ಹೊತ್ತು ಬಸ್ ಸ್ಟ್ಯಾಂಡಿಗೆ ಓಡಿದರು. ಸಾವ್ಕಾರರು ಬಾಗಿಲಲ್ಲೇ ನಿಂತರು.

ಸ್ವಲ್ಪ ಹೊತ್ತಿಗೆ ಹುಲುಗಮ್ಮ ಸಾವಕಾಶ ನಡೆದು ಬಂದಳು. ತಲೆಯ ಮೇಲೆ ಬುಟ್ಟಿ ಇರಲಿಲ್ಲ. "ಎಲ್ಲಾ ಬುಟ್ಟಿ ಏರಿಸಿದ್ವಿ. ಡ್ರೈವರ್ ಇನ್ನಾ ಚಾ ಕುಡ್ಯಾಕತ್ತಿದ್ದ."

ಪಂಚಾಕ್ಷರಪ್ಪನವರ ಬಾಯಲ್ಲಿ ಹೊಗಳಿಕೆ ಬರುವುದಿಲ್ಲ. "ನಾಳಿ ಲಗೂ ಬಾ," ಎಂದಷ್ಟೇ ಹೇಳಿ ಒಳಗೆ ಹೋದರು. ಚಂದನಾಳಿಗೆ ಅಷ್ಟೇ ಸಾಕಾಗಿತ್ತು.

ಹುಲುಗಮ್ಮ ಸೆರಗಿನ ಗಂಟು ಬಿಚ್ಚಿ ಗೇಣುದ್ದದ ಮಲ್ಲಿಗೆ ಮಾಲೆ ತೆಗೆದಳು. ಕಂಪ್ಯೂಟರಿನ ಸುತ್ತ ಒಮ್ಮೆ ಕಣ್ಣಾಡಿಸಿದಳು.

"ಹೊಟ್ಟ್ಯಾಗೊಂದು ಐತಿ ಅಂದ್ಯಲ್ಲವ್ವ, ಬಸುರಿಗೆ ಹೂವು ಮುಡಿಸ್ದ ಬಿಡಬಾರ್ದು. ಇದರ ತಲಿ ಯಾವ ಕಡಿ ಐತಿ, ತೋರ್ಸು."