ಸಂಡಿಗೆಯ ಹವಾಮಾನ ವರದಿ

ರೇಣುಕಾದೇವಿ ಈ ಸಲವೂ ಆಕಾಶದತ್ತ ನೋಡಲೇ ಇಲ್ಲ.

ಮಾಳಿಗೆಯ ಮೇಲೆ ನೀರಿನ ಟ್ಯಾಂಕಿನ ಮರೆಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಗೋವಿಂದರಾಜ ಮಾಸ್ತರಿಗೆ ಅದೇ ಸಿಟ್ಟು. ಹಾಳು ರೇಡಿಯೋ ಬೇರೆ ಹಾಡು ನುಂಗಿ ಕರಕರ ಎನ್ನುತ್ತಿತ್ತು. ಅದರ ಬೆನ್ನಿಗೆ ಫಟ್ ಫಟ್ ಎಂದು ಎರಡು ಬಿಗಿದು ತಿರುಗುವಷ್ಟರಲ್ಲಿ ಆಕೆ ಪಕ್ಕದ ಮಾಳಿಗೆಗೆ ಬಂದು, ಹಳೆಯ ಸೀರೆಯ ಮೇಲೆ ಒಣಹಾಕಿದ್ದ ಸಂಡಿಗೆಯನ್ನು ಸುತ್ತತೊಡಗಿದ್ದಳು. ಮಾಸ್ತರು ನೋಟುಬುಕ್ಕಿನಲ್ಲಿ ಬರೆದುಕೊಂಡರು: ಮಧ್ಯಾಹ್ನ ಎರಡು ಗಂಟೆ ಹದಿನೇಳು ನಿಮಿಷ. ಮೋಡವಿಲ್ಲ. ಗಾಳಿಯಿಲ್ಲ. ಸಂಡಿಗೆ ಎತ್ತಲಾಯಿತು.

ಅದನ್ನು ಕಂಡು ಕೆಳಗೆ ಊರಿಗೆ ಊರೇ ರಸ್ತೆಗೆ ಓಡಿತು. ಡಾಂಬರಿನ ಮೇಲೆ ಅರ್ಧ ಮೈಲಿ ಹರವಿದ್ದ ಬೇಸಿಗೆ ಬೆಳೆಯ ಭತ್ತ ತಾಸಿನೊಳಗೆ ಚೀಲ ಸೇರಿತು. ಮೂರೂಕಾಲಿಗೆ ಗುಡುಗು, ಆಮೇಲೆ ಆಣೆಕಲ್ಲು ಮಳೆ.

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸಿದ ಮಾಸ್ತರಿಗೆ ಇದು ಸಹಿಸುವ ಮಾತಲ್ಲ. ಅವರ ಮಾಳಿಗೆಯಲ್ಲಿ ವಾಯುಭಾರಮಾಪಕವಿತ್ತು, ಮಳೆಮಾಪಕವಿತ್ತು, ಗಾಳಿಯ ದಿಕ್ಕು ತೋರಿಸಲು ಸೈಕಲ್ ಕಡ್ಡಿಯಿಂದ ತಾವೇ ಮಾಡಿದ ಗಾಳಿಕೋಳಿಯಿತ್ತು. ದಿನಾ ಮಧ್ಯಾಹ್ನ ಬೇವಿನಮರದ ಕೆಳಗಿನ ಕರಿಹಲಗೆಯ ಮೇಲೆ ಮುನ್ಸೂಚನೆ ಬರೆಯುತ್ತಿದ್ದರು. ಫೋನು ಹೇಳುವುದಿಷ್ಟೇ: ಕೊಪ್ಪಳ ಜಿಲ್ಲೆಯ ಒಂದೆರಡು ಕಡೆ ಗುಡುಗು ಸಹಿತ ಮಳೆ. ಕುಷ್ಟಗಿಯೂ ಕೊಪ್ಪಳ ಜಿಲ್ಲೆ, ಯಲಬುರ್ಗಾವೂ ಕೊಪ್ಪಳ ಜಿಲ್ಲೆ. ಗಂಗಾವತಿ ರಸ್ತೆಯಲ್ಲಿ ಭತ್ತ ಹರವಿದವನಿಗೆ ಬೇಕಾದದ್ದು ಆ ಒಂದೇ ಕಡೆಯ ಸುದ್ದಿ.

ಊರು ಈಗ ಹಲಗೆ ಓದುತ್ತಿರಲಿಲ್ಲ. ರೇಣುಕಾದೇವಿಯ ಮಾಳಿಗೆ ಓದುತ್ತಿತ್ತು.

“ಮಾಸ್ತರ, ನಿಮ್ಮ ಹಲಿಗಿ ನೋಡಿ ಮೂರು ಸಲ ಭತ್ತ ಬಾಚೀನಿ, ಮೂರೂ ಸಲ ರಣಬಿಸಲು,” ಎಂದ ಎದುರು ಮನೆಯ ರೈತ ವಿರುಪಣ್ಣ. “ನಾಕನೇ ಸಲ ಹರವೀನಿ, ಮಳಿ!”

“ವಿಜ್ಞಾನ ಸಂಭವನೀಯತೆ ಹೇಳ್ತೈತಿ, ವಿರುಪಣ್ಣ.”

“ಸಂಡಿಗಿ ಟೈಮ್ ಹೇಳ್ತೈತ್ರಿ.” ಸುತ್ತಲಿದ್ದವರು ನಕ್ಕರು. “ಇನ್ನೊಮ್ಮೆ ತಪ್ಪಿದ್ರ ಚಾಕ್‌ಪೀಸು ರೇಣುಕಕ್ಕಗ ಕೊಟ್ಟುಬಿಡ್ರಿ.”

“ಕೊಡ್ತೀನಿ!” ಎಂದುಬಿಟ್ಟರು ಮಾಸ್ತರು. ಆ ರಾತ್ರಿ ಊಟ ಸೇರಲಿಲ್ಲ.

ಅದೂ ಯಾರಿಗೆ? ಇಪ್ಪತ್ತೈದು ವರ್ಷದ ಹಿಂದೆ ಅವರದೇ ಕ್ಲಾಸಿನ ಕೊನೆಯ ಬೆಂಚಿನಲ್ಲಿ ಕೂತು, ವಿಜ್ಞಾನದಲ್ಲಿ ಸರಿಯಾಗಿ ಮೂವತ್ತೈದು ಅಂಕ ತೆಗೆದು ಹೇಗೋ ಪಾಸಾದ ಹುಡುಗಿಗೆ! ಮರುದಿನ ಮಾನ ಬಿಟ್ಟು ಕೇಳಿಯೂ ನೋಡಿದರು. “ರೇಣುಕಾ, ಮಳಿ ಬರೂದು ನಿನಗ ಹೆಂಗ ಗೊತ್ತಾಗತೈತಿ?”

“ತಮಾಷಿ ಮಾಡ್ತೀರೇನ್ರಿ ಸರ? ನಿಮಗ ಗೊತ್ತಿರಲಾರದ್ದು ನನಗೇನು ಗೊತ್ತಿರತೈತಿ?” ಎಂದು ಸೆರಗು ಬಾಯಿಗೆ ಹಿಡಿದು ನಕ್ಕಳು.

ಮಾಸ್ತರು ಸಂಶೋಧನೆಗಿಳಿದರು. ಆಕೆಯ ಅಂಗಳದ ಇರುವೆಗಳನ್ನು ನಾಲ್ಕು ದಿನ ಎಣಿಸಿದರು. ಇರುವೆಗಳಿಗೆ ಏನೂ ಗೊತ್ತಿರಲಿಲ್ಲ. ತಮ್ಮ ಗಾಳಿಕೋಳಿಯನ್ನೇ ಕದ್ದು ನೋಡುತ್ತಾಳೆಂದು ಅದಕ್ಕೆ ಗೋಣಿಚೀಲ ಹೊದಿಸಿದರು. ಅಂದೂ ಸಂಡಿಗೆ ಮಳೆಗಿಂತ ಒಂದು ತಾಸು ಮೊದಲೇ ಒಳಗೆ ಹೋಯಿತು. ಹತ್ತಿರದಿಂದ ಕಾಯೋಣವೆಂದರೆ ಆ ರೇಡಿಯೋ ಕಾಟ. ಬೆಳಿಗ್ಗೆ ಕೋಗಿಲೆ, ಕೆಲವು ಮಧ್ಯಾಹ್ನ ಮಾತ್ರ ಕಪ್ಪೆ. ಪತ್ತೇದಾರಿಗೆ ಏಕಾಗ್ರತೆ ಬೇಕು. ರೇಡಿಯೋವನ್ನು ಬಗಲಲ್ಲಿಟ್ಟುಕೊಂಡು ಬಸ್ ಹತ್ತಿ ಗಂಗಾವತಿಯ ನೂರಸಾಬನ ರಿಪೇರಿ ಅಂಗಡಿಗೆ ಹೋದರು.

ನೂರಸಾಬ ಬಿಚ್ಚಿ ನೋಡಿದ. “ಇದಕ್ಕೇನೂ ಆಗಿಲ್ರಿ ಸಾಹೇಬ್ರ, ಭಾಳ ಛಲೋ ಐತಿ. ಬೆನ್ನಾಗ ತಗ್ಗು ಬಿದ್ದಾವು, ಅಷ್ಟ. ಯಾರು ಹೊಡದಾರ?”

“ಎರಡು ದಿನ ಇಟಗೊಂಡು ನೋಡೋ ಮಾರಾಯ,” ಎಂದು ಬಿಟ್ಟು ಬಂದರು.

ಮರುದಿನ ವಾಯುಭಾರ ಸರ್ರನೆ ಇಳಿಯಿತು. ಮಾಸ್ತರು ಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದರು: ಸಂಜೆಯೊಳಗೆ ಗುಡುಗು, ಬಿರುಗಾಳಿ. ಭತ್ತ ತೆಗೆಯಿರಿ.

ಯಾರೂ ಏಳಲಿಲ್ಲ. ಎರಡು ಗಂಟೆಗೂ ರೇಣುಕಾದೇವಿಯ ಸಂಡಿಗೆ ಮಾಳಿಗೆಯ ಮೇಲೆ ಮೈಚಾಚಿ ಮಲಗಿತ್ತು. ಸಾಲದ್ದಕ್ಕೆ ಆಕೆ ಇನ್ನೊಂದು ಸೀರೆ ಹಾಸಿ ಹಪ್ಪಳವನ್ನೂ ಹರವಿ ಹೋದಳು. ಮಾಸ್ತರು ಮಾಪಕ ನೋಡಿದರು, ಸಂಡಿಗೆ ನೋಡಿದರು. ಮತ್ತೆ ಮಾಪಕ, ಮತ್ತೆ ಸಂಡಿಗೆ. ಕೊನೆಗೆ ಬೆಕ್ಕಿನ ಹೆಜ್ಜೆಯಲ್ಲಿ ಬೇವಿನಮರದ ಕೆಳಗೆ ಹೋಗಿ, ಧೋತರದ ಅಂಚಿನಿಂದ ಹಲಗೆ ಒರೆಸಿ ಬರೆದರು: ಇಂದು ಮಳೆ ಇಲ್ಲ.

ಮೂರಕ್ಕೆ ಯಲಬುರ್ಗಾ ಕಡೆಯಿಂದ ಕರೀ ಮೋಡ ಎದ್ದು ಬಂತು. ಮೂರೂ ಹತ್ತಕ್ಕೆ ಗಾಳಿ ಊರನ್ನು ಕೊಡವಿತು. ಜನ ತಾಡಪಾಲು, ಚಾದರ, ಚುನಾವಣೆಯ ಬ್ಯಾನರು, ಕೈಗೆ ಸಿಕ್ಕಿದ್ದನ್ನೆಲ್ಲ ಭತ್ತದ ಮೇಲೆ ಎಳೆದರು. ಮುಕ್ಕಾಲು ಪಾಲು ಉಳಿಯಿತು, ಕಾಲು ಪಾಲು ಚರಂಡಿಗೆ ಹೋಯಿತು. ಹಪ್ಪಳಗಳು ಹದ್ದಿನಂತೆ ಹಾರಿದವು. ಒಂದು ವಿರುಪಣ್ಣನ ಹಣೆಗೆ ಅಂಟಿತು. ಸಂಡಿಗೆಯ ಸೀರೆ ಹೋಗಿ ಮಾಸ್ತರ ಗಾಳಿಕೋಳಿಗೆ ಸುತ್ತಿಕೊಂಡು ಗಿರಗಿರನೆ ತಿರುಗಿತು.

ಮಳೆ ನಿಂತ ಮೇಲೆ ವಿರುಪಣ್ಣ ಹಣೆಯ ಹಪ್ಪಳ ಕಿತ್ತು ಕೇಳಿದ, “ಇಬ್ಬರೂ ತಪ್ಪಿದ್ರಲ್ರೀ. ಈಗ ಚಾಕ್‌ಪೀಸು ಯಾರಿಗೆ ಕೊಡೂದು?”

ರೇಣುಕಾದೇವಿ ತೊಯ್ದು ತೊಪ್ಪೆಯಾಗಿ ನೆಟ್ಟಗೆ ಮಾಸ್ತರ ಕಟ್ಟೆಗೆ ಬಂದಳು. “ಸರ, ನಿಮ್ಮ ರೇಡಿಯೋ ಎಲ್ಲೈತ್ರಿ?”

“ರಿಪೇರಿಗೆ ಕೊಟ್ಟೀನಿ. ಯಾಕ?”

“ರಿಪೇರಿಗೆ!” ಆಕೆ ಹಣೆ ಬಡಿದುಕೊಂಡಳು. “ನೀವು ಅದಕ್ಕ ಫಟ್ ಅಂತ ಬಡಿಯೂದು ಕೇಳಿದ ಮ್ಯಾಲ ಅಲ್ಲೇನ್ರಿ ನಾ ಸಂಡಿಗಿ ತಗೀತಿದ್ದದ್ದು? ಎಲ್ಲ್ಯಾರ ದೂರ ಸಿಡ್ಲು ಹೊಡದ್ರ ರೇಡಿಯೋ ಕರಕರ ಅಂತೈತಿ.”

ಮಾಸ್ತರು ಕೇಳಿದರು, “ಇದನ್ನ ನಿನಗ ಯಾರು ಹೇಳಿದ್ರು?”

“ನೀವರಿ ಸರ, ಹತ್ತನೇ ಕ್ಲಾಸಿನ್ಯಾಗ,” ಎಂದು ಆಕೆ ಸೆರಗು ಹಿಂಡಿದಳು. “ಅದೊಂದು ಉತ್ತರ ಸರಿ ಬರೆದದ್ದಕ್ಕ ನನಗ ಮೂವತ್ತೈದು ಬಿದ್ದಿತ್ತು.”