ಟೇಪಿನ ತುದಿ

ನಗರಸಭೆಯವರು ಊರಾಚೆ ಸುರಿದ ಕಸ ಗುಡ್ಡವಾಗಿ, ಆ ಗುಡ್ಡ ವರ್ಷದಿಂದ ವರ್ಷಕ್ಕೆ ಜವರಮ್ಮನ ಮನೆಯತ್ತಲೇ ಬೆಳೆಯುತ್ತಿತ್ತು. ಅನ್ನದ ತುಂಬ ನೊಣ, ಬಾವಿಯ ನೀರಿಗೂ ನಾತ. ಅರ್ಜಿ ಹಿಡಿದು ಅಲೆದೂ ಅಲೆದೂ ಅವಳ ಚಪ್ಪಲಿ ಸವೆದ ಮೇಲೆ, ಅಂತೂ ಸಾಹೇಬರೊಬ್ಬರು ಮೂಗಿಗೆ ಕರ್ಚೀಫು ಒತ್ತಿಕೊಂಡು ಜೀಪಿನಿಂದ ಇಳಿದರು.

"ಕಸಕ್ಕೂ ಮನೆಗೂ ಇನ್ನೂರು ಮೀಟರ್ ಅಂತರ ಇರಲೇಬೇಕು. ನಿಯಮ ಅಂದ್ರೆ ನಿಯಮ," ಎಂದರು.

ಜವರಮ್ಮನಿಗೆ ದೇವರೇ ಜೀಪಿನಲ್ಲಿ ಬಂದ ಹಾಗಾಯಿತು. ಅಳತೆ ಟೇಪಿನ ತುದಿಯನ್ನು ತಾನೇ ತನ್ನ ಹೊಸ್ತಿಲಿಗೆ ಒತ್ತಿ ಹಿಡಿದಳು.

"ಸಡ್ಲ ಬುಡ್ಬ್ಯಾಡಿ ಸ್ವಾಮಿ, ಬಿಗಿಯಾಗಿ ಎಳೀರಿ!"

"ಅರವತ್ತೇ ಮೀಟರ್!" ಸಾಹೇಬರು ಹೌಹಾರಿದರು. "ಇದನ್ನ ಒಂದು ದಿನವೂ ಸಹಿಸೋಕಾಗಲ್ಲ. ಸೋಮವಾರವೇ ಜೆಸಿಬಿ ಕಳಿಸ್ತೀನಿ."

"ನಿಮ್ಮ ಹೊಟ್ಟೆ ತಣ್ಣಗಿರ್ಲಿ ಸ್ವಾಮಿ."

ಸೋಮವಾರ ಜೆಸಿಬಿ ಬಂದೇ ಬಂತು. ಕೇರಿಯವರೆಲ್ಲ ಸೇರಿ ಅದರ ಮುಂದೆ ಈಡುಗಾಯಿ ಒಡೆದರು. ಜವರಮ್ಮ ಅದರ ಹಲ್ಲುಗಳಿಗೆ ಕುಂಕುಮ ಹಚ್ಚಿ, ಡ್ರೈವರನ ಕೈಗೆ ಮಜ್ಜಿಗೆಯ ಲೋಟ ಕೊಟ್ಟು ಕೇಳಿದಳು:

"ಯಾವ ಕಡೆಯಿಂದ ಸುರು ಮಾಡ್ತೀಯಪ್ಪ?"

ಅವನು ಮಜ್ಜಿಗೆ ಕುಡಿದು ಲೋಟ ಹಿಂದಿರುಗಿಸಿದ.

"ಪಾತ್ರೆಪಗಡ ಎಲ್ಲ ಆಚೆಗಿಟ್ಕೊ ಕಣವ್ವ. ನಿನ್ನ ಮನೆಯಿಂದ್ಲೇ."